ಬೇಗಂ ಒರಗಿದ ವರ್ಷ

ಹೋದ ತಿಂಗಳು ರೋಣಕ್ಕೆ ಎರಡು ಗಾದಿ ಮುಟ್ಟಿಸಲು ಹೋಗಿದ್ದೆ. ಬರುವಾಗ ದನದ ದವಾಖಾನೆಯ ಎದುರು ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತ ನಿಂತಿದ್ದೆ. ಒಳಗೆ ಯಾವುದೋ ಪ್ರಾಣಿಯ ಕಜ್ಜಿಗೆ ಔಷಧ ಹಚ್ಚುತ್ತಿದ್ದರು. ಬೇವಿನ ಎಣ್ಣೆಯಲ್ಲಿ ಗಂಧಕ ಕಲಸಿದ ವಾಸನೆ ಅದು, ಹತ್ತು ಹೆಜ್ಜೆ ದೂರದವರೂ ಮೂಗು ಮುಚ್ಚಿಕೊಳ್ಳುವಂಥದ್ದು. ನಾನು ಮಾತ್ರ ಕಾಂಪೌಂಡಿನ ಹತ್ತಿರ ಹೋಗಿ ಎದೆ ತುಂಬ ಎಳೆದುಕೊಂಡೆ. ಚಹಾದವನು ನನ್ನನ್ನೇ ನೋಡುತ್ತಿದ್ದವನು, ಅದೇನು ಅತ್ತರೇನ್ರಿ ಅಂದ. ಒಂದು ಕಾಲಕ್ಕೆ ನಮ್ಮ ಮನೆಯ ಅತ್ತರು ಅದೇ ಆಗಿತ್ತು ಎಂದು ಅವನಿಗೆ ಹೇಗೆ ಹೇಳಲಿ? ಬೇಗಂ ಈಗಿಲ್ಲ. ಹೋಗಿ ಎರಡು ವರ್ಷವಾಯಿತು. ಆದರೆ ಆ ವಾಸನೆಗೆ ಕೈಯಲ್ಲಿದ್ದ ಚಹಾ ಆರಿತು, ನನಗೆ ಕುಡಿಯಬೇಕೆನಿಸಲಿಲ್ಲ.

ನಾವು ಗಜೇಂದ್ರಗಡದ ನದಾಫರು. ಅರಳೆ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ಅಜ್ಜ ಅರಳೆ ಹಿಂಜುವ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿದ, ನಾನು ಹಿಂಜುವ ಮಷಿನ್ ಹಾಕಿಕೊಂಡು ಕೂತಲ್ಲೇ ಕೂತೆ. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ. ಬೇಗಂ ಬಂದ ವರ್ಷ ನನಗಿನ್ನೂ ಲಗ್ನವಾಗಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಯಲ್ಲಿ ನಾನು, ಅವ್ವ, ಆ ವರ್ಷದ ಶ್ರಾವಣದಿಂದ ನಮ್ಮಕ್ಕ ರಾಜಮಾ.

ಅಕ್ಕ ಹೊಳೆಮಣ್ಣೂರಿನ ಸೊಸೆ, ಅಲ್ಲಿಯ ಆಶಾ ಕಾರ್ಯಕರ್ತೆ. ಯಾವ ಮನೆಯ ಬಸುರಿಗೆ ಎಷ್ಟನೇ ತಿಂಗಳು ಎಂಬುದು ಕೂಸಿನ ಅಪ್ಪನಿಗಿಂತ ಮೊದಲು ಇವಳಿಗೆ ಗೊತ್ತಿರುತ್ತಿತ್ತು. ಬಾಯಿ ಜೋರು, ನಡಿಗೆ ಅದಕ್ಕಿಂತ ಜೋರು. ಆ ವರ್ಷ ಹೊಳೆ ಊರೊಳಗೆ ಬಂದಾಗ ಇಬ್ಬರು ಬಸುರಿಯರನ್ನು ಎತ್ತರದ ಶಾಲೆಗೆ ಮುಟ್ಟಿಸಿ, ಅತ್ತೆಯನ್ನು ಕರೆತರಲು ಮನೆಗೆ ಹೊರಳಿದ್ದಳು. ನಡು ಮಧ್ಯಾಹ್ನ. ಓಣಿಯಲ್ಲಿ ಸೊಂಟದ ಮಟ್ಟ ನೀರು. ಹೊಳೆಗೆ ಇಳಿಯುವ ತಿರುವಿನಲ್ಲಿ ಸೆಳೆತ ಜೋರಾಗಿ, ಹಿಡಿದಿದ್ದ ಅತ್ತೆಯ ಕೈ ಜಾರಿತು. ಎರಡು ದಿನದ ಮೇಲೆ ಆಕೆ ಸಿಕ್ಕಿದ್ದು ಕೆಳಗಿನ ಊರಿನ ಜಾಲಿ ಕಂಟಿಯಲ್ಲಿ.

ಅಕ್ಕನ ಗಂಡ, ನಮ್ಮ ಮಾವ, ಆಕೆಯನ್ನು ದೂರಲಿಲ್ಲ. ತನ್ನ ತಾಯಿಯನ್ನು ಕಳಕೊಂಡವನು ಹೆಂಡತಿಯನ್ನು ತಾನೇ ಕರೆತಂದು ನಮ್ಮಲ್ಲಿ ಬಿಟ್ಟ, ಎತ್ತರದ ಊರು, ಇಲ್ಲಿ ನೀರಿನ ಭಯವಿಲ್ಲ ಅಂತ. ಅವನಿಗೇನು ಗೊತ್ತು, ನಮ್ಮೂರಿನಲ್ಲೂ ನಳದ ನೀರು ಬರುತ್ತದೆ! ನೀರು ಬಿಟ್ಟ ದಿನ ಓಣಿಯ ತುಂಬ ಡ್ರಮ್ಮುಗಳಿಗೆ ಧಾರೆ ಬಿದ್ದ ಸದ್ದು ಕೇಳಿದರೆ ಅಕ್ಕ ಎದೆ ಹಿಡಿದುಕೊಂಡು ಗೋಡೆಗೆ ಆತು ಕೂತುಬಿಡುತ್ತಿದ್ದಳು. ಉಸಿರು ಮೇಲೆ ಹೋದದ್ದು ಕೆಳಗೆ ಬರುತ್ತಿರಲಿಲ್ಲ. ಮುಟ್ಟಲು ಹೋದರೆ ಕೈ ತಳ್ಳುತ್ತಿದ್ದಳು. ಗದಗಿನ ದೊಡ್ಡ ದವಾಖಾನೆಯಲ್ಲಿ ಹೃದಯ ಸರಿ ಇದೆ, ಇದು ಅಂಜಿಕೆಯ ಬೇನೆ ಎಂದು ಗುಳಿಗೆ ಕೊಟ್ಟರು, ತಿಂಗಳಿಗೊಮ್ಮೆ ಕರೆಸಿ ಮಾತಾಡಿಸಿದರು. ಗುಳಿಗೆಯಿಂದ ನಿದ್ದೆ ಬಂತು, ಆದರೆ ಗದಗಿಗೆ ಹೋಗುವ ದಿನ ಬಿಟ್ಟರೆ ಅಕ್ಕ ಹಗಲಿಗೆ ಒಳಗಿನ ಖೋಲಿಯಿಂದ ಹೊರಬರಲಿಲ್ಲ.

ಇತ್ತ ಹೊಳೆಮಣ್ಣೂರಿನ ಆಸ್ಪತ್ರೆಯ ಸಿಸ್ಟರು ಫೋನು ಮಾಡುತ್ತಿದ್ದರು. ಯುಗಾದಿವರೆಗೆ ದಾರಿ ನೋಡುತ್ತೇವೆ, ಆಮೇಲೆ ಊರಿನ ಬೇರೆ ಹೆಣ್ಣುಮಗಳನ್ನು ಆರಿಸಲೇಬೇಕು, ಬಸುರಿಯರು ಬಾಣಂತಿಯರು ಕಾಯುವುದಿಲ್ಲವಲ್ಲ ಅಂತ. ಅವರ ಮಾತು ನ್ಯಾಯದ್ದೇ. ಆದರೆ ಆ ಕೆಲಸ ಹೋದರೆ ಅಕ್ಕ ಮತ್ತೆ ಹೊಳೆಮಣ್ಣೂರಿನ ದಾರಿ ಹಿಡಿಯುವುದಿಲ್ಲ ಎಂಬುದು ಅವ್ವನಿಗೂ ನನಗೂ ಗೊತ್ತಿತ್ತು. ನಾವು ಒಬ್ಬರಿಗೊಬ್ಬರು ಅದನ್ನು ಹೇಳಿಕೊಳ್ಳಲಿಲ್ಲ ಅಷ್ಟೆ.

ದೀಪಾವಳಿ ಮುಗಿದು, ಹೊಸ ಅರಳೆ ಬಂದು, ಲಗ್ನದ ಗಾದಿಗಳ ಗದ್ದಲದಲ್ಲಿ ನಾನು ಮುಳುಗಿದ್ದ ಒಂದು ಬೆಳಿಗ್ಗೆ ದನದ ದವಾಖಾನೆಯ ಡಾಕ್ಟರಮ್ಮ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದರು. ಹಾವೇರಿ ಕಡೆಯವರು, ಮಾತು ಮೆಲ್ಲಗೆ, ಹಟ ಗಟ್ಟಿ. ಒಂದು ಗಾದಿ ಬೇಕು, ದಪ್ಪಗೆ ತುಂಬಬೇಕು, ಅಳತೆ ತಗೊಳ್ಳಿ ಎಂದು ಗಾಡಿಯ ಹಿಂದಿನ ಬಾಗಿಲು ತೆಗೆದರು. ಒಳಗಿದ್ದದ್ದನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕರುವಿನಷ್ಟು ಎತ್ತರದ ನಾಯಿ. ಬೂದಿ ಬಣ್ಣ, ಅರ್ಧ ಮೈ ಕಜ್ಜಿಯಿಂದ ಬೋಳು, ಮೇಲೆಲ್ಲ ಆ ಗಂಧಕದ ಎಣ್ಣೆ. ಮೊಣಕೈಗಳ ಚರ್ಮ ಒಡೆದು ಹುಣ್ಣಾಗಿತ್ತು. ಮೊದಲೇ ನನಗೆ ನಾಯಿ ಎಂದರೆ ಆಗದು, ಓಣಿಯ ಬಡಕಲು ನಾಯಿಗೂ ದಾರಿ ಬಿಡುವವ ನಾನು.

ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳಿವೆಯಲ್ಲ, ಅಲ್ಲಿಯ ಯಾರೋ ಸಾಹೇಬರು ವರ್ಗವಾಗಿ ಹೋಗುವಾಗ ಇವಳನ್ನು ಖಾಲಿ ಕ್ವಾರ್ಟರ್ಸಿನ ಹಿಂದೆ ಸರಪಳಿಯಲ್ಲೇ ಬಿಟ್ಟು ಹೋಗಿದ್ದರಂತೆ. ಕುರಿಯವರು ನೋಡಿ ಸುದ್ದಿ ಮುಟ್ಟಿಸಿದ್ದರು. ಇಷ್ಟು ಭಾರದ ಮೈ ಬರಿ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ಒಡೆಯುತ್ತದೆ, ಅದಕ್ಕೇ ಗಾದಿ ಎಂದು ಡಾಕ್ಟರು ತಿಳಿಸಿದರು. ನಾಯಿ ಮೂಲೆಯಲ್ಲಿ ಮುದುಡಿ ಮಲಗಿತು. ನಾನು ದೂರದಿಂದಲೇ ಗಜದ ಕೋಲು ಚಾಚಿ ಅಳತೆ ಹಿಡಿದೆ. ಗಜ ಕಂಡದ್ದೇ ಅದು ಥರಥರ ನಡುಗಿತು. ಹೊಡೆಸಿಕೊಂಡ ಪ್ರಾಣಿ ಅದು, ಅಷ್ಟು ನನಗೂ ತಿಳಿಯಿತು.

ಗಾದಿಯಾಗುವವರೆಗೆ ನಾಲ್ಕು ದಿನ ಇಲ್ಲೇ ಇರಲಿ, ದವಾಖಾನೆಯ ಅಂಗಳದಲ್ಲಿ ದನಗಳ ಕಾಲಿಗೆ ಸಿಗುತ್ತಾಳೆ ಎಂದು ಡಾಕ್ಟರು ಕೇಳಿಕೊಂಡರು. ನಾನು ಒಲ್ಲೆ ಅನ್ನುವುದರೊಳಗೆ ಒಳಗಿನಿಂದ ಅವ್ವ ಬಂದಳು. ಐದು ಹೊತ್ತು ನಮಾಜು ಮಾಡುವಾಕೆ ನಾಯಿಯನ್ನು ಹೇಗೆ ಇಟ್ಟುಕೊಂಡಾಳು, ನನ್ನ ಕೆಲಸ ಹಗುರಾಯಿತು ಅಂದುಕೊಂಡೆ. ಅವ್ವ ಆ ಹುಣ್ಣು ನೋಡಿದಳು. ಮಸೀದಿಯ ಹಿರಿಯರನ್ನು ಕೇಳಿಸಿದಳು. ಗಾಯವಾದ ಮೂಕಪ್ರಾಣಿಗೆ ಅನ್ನ ನೀರು ಹಾಕಿ, ನಮಾಜಿನ ಜಾಗ, ಬಟ್ಟೆ ಶುದ್ಧ ಇಟ್ಟುಕೊಳ್ಳಿ, ಬಾಯಿ ತಾಗಿದ್ದನ್ನು ತೊಳೆದುಕೊಳ್ಳಿ ಅಂದರಂತೆ. ಅದಕ್ಕೆ ಅವ್ವ ತನ್ನದೂ ಒಂದು ಕಾಯಿದೆ ಸೇರಿಸಿದಳು.

"ಶೆಡ್ಡಿನ್ಯಾಗ ಇರ್ಲಿ. ಅದು ಒಳಗಿನ ಹೊಸ್ತಿಲಾ ದಾಟಿ ಬಂದ ದಿನಾ, ನಾ ದಾಟಿ ಹೊರಗ ಹೋಗತೀನಿ. ತಿಳೀತಿಲ್ಲೋ?"

ನಾಯಿಗೆ ಹಳೆ ಹೆಸರೇನೋ, ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ನಾಯಿ ಹೆಸರನ್ನೆಲ್ಲ ಕೂಗಿದೆ, ಒಂದು ಕಿವಿಯೂ ಅಲುಗಲಿಲ್ಲ. ಹಾಕಿದ ರೊಟ್ಟಿಯನ್ನು ಮೂಸಿ ಮುಖ ತಿರುವಿದ ಆ ಗತ್ತು ನೋಡಿ, ಬೇಗಂ ಸಾಹೇಬರಿಗೆ ಬಿರಿಯಾನಿ ಬೇಕೇನೋ ಎಂದು ಸಿಡುಕಿದೆ. ಬೇಗಂ ಎಂಬುದೇ ಉಳಿಯಿತು.

ಎರಡನೆಯ ದಿನ ನಾನು ಮಷಿನ್ ಹಚ್ಚಿದೆ. ಹಿಂಜುವ ಮಷಿನ್ನಿನ ಸದ್ದಿಗೆ ಹೊಸಬರು ಯಾರಾದರೂ ಬೆಚ್ಚುತ್ತಾರೆ, ಬೇಗಂ ಮಾತ್ರ ಕೂಗಿಕೊಂಡಳು. ನಾಯಿಯ ಕೂಗೇ ಅಲ್ಲ ಅದು. ನಾನು ಮಷಿನ್ ನಿಲ್ಲಿಸಿ ತಿರುಗಿದರೆ ಒಳಬಾಗಿಲಲ್ಲಿ ಅಕ್ಕ ನಿಂತಿದ್ದಾಳೆ. ಮೂರು ತಿಂಗಳಲ್ಲಿ ಆಕೆ ತಾನಾಗಿ ಆ ಬಾಗಿಲಿಗೆ ಬಂದದ್ದೇ ಮೊದಲು. ನಾಯಿ ಒಳಗೆ ಹೋಗುವಂತಿಲ್ಲ, ಅವ್ವನ ಕಾಯಿದೆ. ಹಾಗಾಗಿ ಅಕ್ಕನೇ ಹೊಸ್ತಿಲು ದಾಟಿ ಹೊರಗೆ ಬಂದಳು. ಅವ್ವ ಮರುಗಿ ನಾಯಿಯನ್ನು ಒಳಗೆ ಬಿಟ್ಟಿದ್ದರೆ ಅಕ್ಕ ಖೋಲಿಯಲ್ಲೇ ಅದರ ಜೊತೆ ಕೂತುಬಿಡುತ್ತಿದ್ದಳು ಎಂದು ನಾನು ಈಗಲೂ ನಂಬುತ್ತೇನೆ. ಆವತ್ತು ಅಕ್ಕ ಬೇಗಂಳ ಪಕ್ಕ ಅರಳೆಯ ರಾಶಿಯ ಮೇಲೆ ಕೂತಳು, ಮುಟ್ಟಲಿಲ್ಲ. ಸಂಜೆ ಕೈಕಾಲು ತೊಳೆದು, ಬಟ್ಟೆ ಬದಲಿಸಿ ಒಳಗೆ ಹೋದಳು. ಮರುದಿನದಿಂದ ಆಕೆಯ ನಮಾಜಿನ ಬಟ್ಟೆಗೆ ಅವ್ವ ಬೇರೆ ಗೂಟ ಹೊಡೆಸಿದಳು.

ಬೇಗಂ ಅಂಜುತ್ತಾಳೆಂದು ಮಷಿನ್ ಹಚ್ಚುವ ಹೊತ್ತಿಗೆ ಅಕ್ಕ ಆಕೆಯನ್ನು ಹೊರಗೆ ತಿರುಗಾಡಿಸಲು ಒಯ್ಯತೊಡಗಿದಳು. ಲಗ್ನದ ಹಂಗಾಮಿನಲ್ಲಿ ಇವರಿಬ್ಬರು ಎದ್ದು ಹೊರಡುವವರೆಗೆ ನನ್ನ ಮಷಿನ್ ಬಂದ್! ಬೈದೆ, ಗೊಣಗಿದೆ, ಯಾರು ಕೇಳಬೇಕು? ಕೋಟೆ ಗುಡ್ಡದ ದಾರಿಯಲ್ಲಿ ಮೊದಲು ನೂರು ಹೆಜ್ಜೆ, ಆಮೇಲೆ ಫರ್ಲಾಂಗು, ಆಮೇಲೆ ಗುಡ್ಡದ ಬುಡದವರೆಗೆ. ಪ್ಯಾಟೆಯವರು ಬಾಯಿ ತೆರೆದು ನೋಡುತ್ತಿದ್ದರು, ಕುದುರೆ ಮರಿಯೇನವಾ ಎಂದು ಕೇಳುತ್ತಿದ್ದರು. ಮೂರು ತಿಂಗಳು ಯಾರ ಮುಖವನ್ನೂ ನೋಡದವಳು ಎಲ್ಲರಿಗೂ ನಿಂತು ಉತ್ತರ ಕೊಡಬೇಕಾಯಿತು. ನಾಲ್ಕು ದಿನ ಹೋಗಿ ನಾಲ್ಕು ವಾರವಾದವು. ಡಾಕ್ಟರು ವಾಪಸ್ ಕೇಳಲಿಲ್ಲ, ನಾವೂ ಕೊಡಲಿಲ್ಲ.

ಆ ದಿನದ ಸಂಗತಿ ಹೇಳುತ್ತೇನೆ. ಬೆಳಿಗ್ಗೆ ಹತ್ತರ ಸುಮಾರು, ಅಕ್ಕ ಶೆಡ್ಡಿನಲ್ಲಿ ಕೂತು ದಬ್ಬಣ ಹಿಡಿದು ಗಾದಿಗೆ ಟಾಕಿ ಹೊಲಿಗೆ ಹಾಕುತ್ತಿದ್ದಳು. ಓಣಿಯಲ್ಲಿ ನೀರು ಬಿಟ್ಟರು. ಡ್ರಮ್ಮುಗಳ ಮೇಲೆ ಧಾರೆ ಬಿದ್ದ ಸದ್ದು ಒಮ್ಮೆಲೇ ಎದ್ದಿತು. ಅಕ್ಕನ ಕೈಯಿಂದ ದಬ್ಬಣ ಬಿತ್ತು. ಎದ್ದು ಗೋಡೆಗೆ ಹೋಗಿ ಆತು ನಿಂತಳು, ಎದೆ ಹಿಡಿದುಕೊಂಡಳು, ತುಟಿ ಬೆಳ್ಳಗಾದವು. ಮೂಲೆಯಲ್ಲಿದ್ದ ಬೇಗಂ ಎದ್ದಳು. ಹಿಂಗಾಲು ಆಕೆಗೆ ಸರಿ ನಿಲ್ಲುತ್ತಿರಲಿಲ್ಲ, ಅದುರುತ್ತಲೇ ಬಂದಳು. ಬಂದವಳು ಮೈ ಅಡ್ಡ ತಿರುಗಿಸಿ ತನ್ನ ಅಷ್ಟೂ ಭಾರ ಹಾಕಿ ಅಕ್ಕನಿಗೆ ಒರಗಿದಳು.

ಗೋಡೆಗೂ ನಾಯಿಗೂ ನಡುವೆ ಅಕ್ಕ ಸಿಕ್ಕಿಬಿದ್ದಳು. ಮೊದಲೇ ಉಸಿರಿಲ್ಲ, ಈಗ ಈ ಹಾಳು ನಾಯಿ ಒತ್ತಿ ಕೊಲ್ಲುತ್ತದೆ ಎಂದು ನನ್ನ ಜೀವ ಹಾರಿತು. ಗಜದ ಕೋಲು ಎತ್ತಿಕೊಂಡು ಓಡಿದೆ. ಬೇಗಂ ನೋಡಿದಳು. ಆ ಕೋಲಿಗೆ ಆಕೆ ಎಷ್ಟು ಅಂಜುತ್ತಾಳೆಂದು ನನಗೆ ಗೊತ್ತು. ಕಿವಿ ಹಿಂದೆ ಹೋದವು, ಚರ್ಮವೆಲ್ಲ ನಡುಗಿತು, ಕಾಲ ಸಂದಿಯಲ್ಲಿ ಬಾಲ ಮುದುಡಿತು. ಆದರೆ ಒಂದು ಬೆರಳು ಕೂಡ ಸರಿಯಲಿಲ್ಲ. ಹೊಡಿ ಬೇಕಾದರೆ, ನಾನು ಕದಲುವುದಿಲ್ಲ ಎಂಬಂತೆ ಹಾಗೇ ಒರಗಿಯೇ ನಿಂತಳು.

"ಹೊಡೀಬ್ಯಾಡ ತಮ್ಮಾ," ಅಕ್ಕ ಮುರಿದ ಉಸಿರಿನಲ್ಲೇ ಅಂದಳು. "ಇರ್ಲಿ ಬಿಡು. ಭಾರ ಚಲೋ ಅನಸ್ತೈತಿ."

ಕೋಲು ಕೈಯಲ್ಲೇ ಉಳಿಯಿತು. ಬೇಗಂಳ ಪಕ್ಕೆ ದೊಡ್ಡದಾಗಿ ಏರುತ್ತಿತ್ತು, ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಅಕ್ಕನ ಉಸಿರು ಅದರ ಹಿಂದೆ ಹೊರಟಿತು. ಹೊರಗೆ ನೀರು ಬೀಳುತ್ತಲೇ ಇತ್ತು. ಆ ಸದ್ದಿನಲ್ಲೇ ಅಕ್ಕ ನಿಂತಿದ್ದಳು, ಕೈ ನಾಯಿಯ ಬೆನ್ನಿನ ಮೇಲಿತ್ತು. ಹೊಸ್ತಿಲ ಒಳಗೆ ಅವ್ವ ಸೆರಗು ಬಾಯಿಗಿಟ್ಟು ನಿಂತಿದ್ದಳು. ನಾನು ಕೋಲು ಕೆಳಗಿಟ್ಟೆ. ಯಾರು ಕಲಿಸಿದ್ದರು ಇದನ್ನು ಆಕೆಗೆ? ಮನುಷ್ಯರಿಂದ ಹೊಡೆತ ತಿಂದು, ಸರಪಳಿಯಲ್ಲಿ ಅನಾಥವಾಗಿ ಬಿದ್ದಿದ್ದ ಪ್ರಾಣಿ, ಮನುಷ್ಯರ ಅಂಜಿಕೆಯನ್ನು ಹೇಗೆ ಗುರುತಿಸಿತು? ಇವತ್ತಿಗೂ ನನಗೆ ಅದು ಬೆರಗೇ.

ಮರುದಿನ ಡಾಕ್ಟರಮ್ಮನಿಗೆ ಪವಾಡವೆಂಬಂತೆ ಹೇಳಿದೆ. ಅವರು ನಕ್ಕರು. ಈ ದೊಡ್ಡ ತಳಿಯ ನಾಯಿಗಳಿಗೆ ಒರಗುವ ಚಾಳಿಯೇ ಇರುತ್ತದೆ, ಪ್ರೀತಿಯಾದವರಿಗೆ ಮೈಭಾರ ಕೊಟ್ಟು ನಿಲ್ಲುತ್ತವೆ, ಕೆಲವರ ಎದೆಗುದಿ ಅದರಿಂದ ಇಳಿಯುವುದೂ ಉಂಟು ಎಂದರು. ಹಾಗಾದರೆ ಇವಳೇ ಅಕ್ಕನಿಗೆ ಮದ್ದು ಎಂದು ಹಿಗ್ಗಿದೆ. ಅವರ ನಗು ನಿಂತಿತು.

"ದಾದಾಪೀರ ಅವರ, ಹಂಗನಬ್ಯಾಡ್ರಿ. ಆಕೀಗಿ ಸಂಗಾತಿ ಆಗತಾಳ, ಖರೇ. ಆದ್ರ ಇಕೀನೂ ಅಂಜಿದ ಜೀವ ಐತಿ. ಒಬ್ಬರ ಭಾರಾ ಒಬ್ಬರ ಮ್ಯಾಲ ಪೂರಾ ಹೇರಬ್ಯಾಡ್ರಿ. ಗುಳಿಗಿ ನಡೀಲಿ, ಗದಗಿಗಿ ಹೋಗೂದು ನಡೀಲಿ. ಮತ್ತ ಇಂಥಾ ದೊಡ್ಡ ನಾಯಿ ಭಾಳ ವರ್ಷ ಬದಕಂಗಿಲ್ಲ, ಅದನ್ನೂ ತೆಲಿಯಾಗ ಇಟಗೋರಿ."

ಆ ಮಾತು ಅಕ್ಕನ ಕಿವಿಗೂ ಬಿದ್ದಿತ್ತು. ಅಂದಿನಿಂದ ಆಕೆ ಬೇಗಂಳನ್ನು ನೋಡಿಕೊಂಡದ್ದನ್ನು ನೋಡಬೇಕಿತ್ತು. ದಿನಾ ಆ ದುರ್ವಾಸನೆಯ ಎಣ್ಣೆ ಹಚ್ಚುವುದು, ಮೊಣಕೈಗೆ ಪಟ್ಟಿ, ಜೋಳದ ರೊಟ್ಟಿಯನ್ನು ಕೋಳಿಯ ಸಾರಿನಲ್ಲಿ ನೆನೆಸಿ ಬೋಗುಣಿ ತುಂಬ ಊಟ. ಬಾಣಂತಿಯರ ತೂಕ ಬರೆದಿಡುತ್ತಿದ್ದವಳು ಈಗ ನಾಯಿಯ ಬೊಕ್ಕೆ ಎಷ್ಟು ಒಣಗಿದವು ಎಂದು ಹಳೆ ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ಎಲ್ಲಾ ದಿನ ಚಲೋ ಇತ್ತು ಅಂತಲ್ಲ. ಒಮ್ಮೆ ನೀರು ಬಂದಾಗ ಬೇಗಂ ಒರಗಿದರೂ ಅಕ್ಕನ ಉಸಿರು ಅರ್ಧ ತಾಸು ಹಿಡಿತಕ್ಕೆ ಬರಲಿಲ್ಲ. ಇನ್ನೊಮ್ಮೆ ಬೇಗಂ ಕೆಸರುಗಾಲಲ್ಲಿ ಮದುಮಗಳ ಹೊಸ ಗಾದಿಯ ಮೇಲೆ ಹೋಗಿ ಮಲಗಿ, ಬೀಗರು ನನ್ನ ಮಾನ ಹರಾಜು ಹಾಕಿದರು.

ಸಂಕ್ರಾಂತಿಯ ಹೊತ್ತಿಗೆ ನನ್ನ ಕಸುಬಿಗೂ ಪೆಟ್ಟು ಬಿತ್ತು. ಬೇಗಂಳ ಗಾದಿಯನ್ನು ನಾನು ಮುದುಡಿ ಮಲಗಿದ ಅಳತೆಗೆ ಹೊಲಿದಿದ್ದೆ. ಒಂದು ಮಧ್ಯಾಹ್ನ ನೋಡಿದರೆ ಆಕೆ ನಾಲ್ಕೂ ಕಾಲು ಚಾಚಿ, ಕತ್ತು ನೀಡಿ, ಬಾಯಿ ತೆರೆದು ಮಲಗಿದ್ದಾಳೆ. ಅರ್ಧ ಮೈ ಗಾದಿಯ ಮೇಲೆ, ಅರ್ಧ ನೆಲದ ಮೇಲೆ. ಮೂರು ತಲೆಮಾರಿನ ಗಾದಿಯವನು ಅಳತೆ ತಪ್ಪಿದ್ದೆ! ಅಂಜಿಕೊಂಡವರ ಅಳತೆ ತೆಗೆಯಬಾರದೆಂದು ನಮ್ಮ ಅಜ್ಜ ನನಗೆ ಹೇಳಿಕೊಟ್ಟಿರಲಿಲ್ಲ. ಅಕ್ಕ ಅದನ್ನು ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಶ್ರಾವಣದ ಮೇಲೆ ನಾನು ಕೇಳಿದ ಮೊದಲ ನಗು ಅದು. ಮರುದಿನವೇ ಮೂರು ಮೊಳದ ತುಂಡು ಜೋಡಿಸಿದೆ.

ಯುಗಾದಿಗೆ ಹತ್ತು ದಿನವಿದ್ದಾಗ ಸಿಸ್ಟರು ಕೊನೆಯ ಸಲ ಫೋನು ಮಾಡಿದರು. ಅಕ್ಕ ಕೇಳಿ ಫೋನು ಇಟ್ಟಳು. ಬೇಗಂ ಜೊತೆಗೆ ಬರುವುದಾದರೆ ಒಮ್ಮೆ ಹೋಗಿ ನೋಡುತ್ತೇನೆ ಅಂದಳು. ಅವ್ವ ದಾರಿಗೆಂದು ರೊಟ್ಟಿಯ ಗಂಟು ಕೊಟ್ಟಳು, ನಮಗೆ ನಾಲ್ಕು, ನಾಯಿಗೆ ಎಂಟು. ಬೆಳಿಗ್ಗೆ ಗಾದಿ ಸಾಗಿಸುವ ನನ್ನ ಗೂಡ್ಸ್ ಟೆಂಪೋದ ಹಿಂದೆ ಅಕ್ಕ, ಬೇಗಂ ಕೂತರು. ಕಡಲೆ ಕಿತ್ತ ಎರೆ ಹೊಲಗಳು ಬಿಸಿಲಿಗೆ ಬಾಯಿ ಬಿಟ್ಟಿದ್ದವು. ರೋಣ ದಾಟುವ ಹೊತ್ತಿಗೆ ಬೇಗಂಳ ನಾಲಗೆ ಗೇಣುದ್ದ ಹೊರಬಿದ್ದಿತ್ತು, ತಂದ ನೀರು ಮುಗಿದಿತ್ತು.

ಹೊಳೆಮಣ್ಣೂರಿನಲ್ಲಿ ಮಾವ ಓಣಿಯ ಬಾಯಲ್ಲೇ ನಿಂತಿದ್ದ. ಅಕ್ಕ ಇಳಿದು ಬೇಗಂಳ ಹಗ್ಗ ಮುಂಗೈಗೆ ಸುತ್ತಿಕೊಂಡು ನಡೆದಳು. ಹೊಳೆಗೆ ಇಳಿಯುವ ತಿರುವು ಬಂತು. ಅಲ್ಲಿ ಆಕೆಯ ಕಾಲು ನಿಂತವು. ಎದೆಗೆ ಕೈ ಹೋಯಿತು. ನಾನು ಬೇಗಂಳನ್ನು ನೋಡಿದೆ, ಈಗ ಒರಗುತ್ತಾಳೆ ಎಂದುಕೊಂಡೆ. ಬೇಗಂ ಒರಗಲಿಲ್ಲ. ಆಕೆಯ ಮೂಗಿಗೆ ನೀರಿನ ವಾಸನೆ ಬಡಿದಿತ್ತು. ಕುಡಿಯುವ ನೀರಿಗೆಂದು ಮೇಲಿನ ಡ್ಯಾಮಿನಿಂದ ಬಿಟ್ಟಿದ್ದರು, ಹೊಳೆಗೆ ಹರಿವಿತ್ತು. ಬಾಯಾರಿದ ಆ ದೊಡ್ಡ ಮೈ ಒಮ್ಮೆಲೇ ಇಳಿಜಾರಿಗೆ ಎಳೆಯಿತು. ಅಕ್ಕ ಅದರ ಹಿಂದೆ ಓಡುತ್ತ ಹೋದಳು.

ಬೇಗಂ ದಂಡೆಯಲ್ಲಿ ನಿಲ್ಲದೆ ನೀರಿಗಿಳಿದಳು. ನಾಲ್ಕು ಹೆಜ್ಜೆ ಒಳಗೆ ಹೋಗುವುದರೊಳಗೆ ಆ ಬಲವಿಲ್ಲದ ಹಿಂಗಾಲು ಸೆಳೆತಕ್ಕೆ ಜಾರಿತು. ಹಗ್ಗ ಬಿಗಿಯಿತು. ನಾನೂ ಮಾವನೂ ಓಡುತ್ತಲೇ ಕೂಗಿದೆವು, ಹಗ್ಗ ಬಿಡು, ನಿನ್ನನ್ನೂ ಎಳೆದೊಯ್ಯುತ್ತದೆ, ಬಿಡು. ಅಕ್ಕ ತಿರುಗಿಯೂ ನೋಡಲಿಲ್ಲ.

"ಬಿಡಂಗಿಲ್ಲ," ಅಂದಳು. ಹಲ್ಲು ಕಚ್ಚಿ ಇನ್ನೊಂದು ಸುತ್ತು ಸುತ್ತಿಕೊಂಡಳು. "ಈ ಸಲಾ ಬಿಡಂಗಿಲ್ಲ."

ಹಾಗೆನ್ನುತ್ತ ತಾನೇ ನೀರಿಗೆ ಇಳಿದಳು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಬೇಗಂಳ ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದಳು. ಕಾಲು ಊರಿದ್ದೇ ತಡ, ಆ ಬೇಗಂ ಸಾಹೇಬರು ಏನೂ ಆಗಿಲ್ಲವೆಂಬಂತೆ ತಲೆ ತಗ್ಗಿಸಿ ಗಟಗಟ ನೀರು ಕುಡಿದರು. ಆಮೇಲೆ, ಹೊಳೆಯ ನಡುವೆ, ಅಕ್ಕನಿಗೆ ಒರಗಿ ನಿಂತರು. ನಳದ ಸದ್ದಿಗೆ ಸಾಯುತ್ತಿದ್ದ ನನ್ನ ಅಕ್ಕ ಹರಿಯುವ ಹೊಳೆಯಲ್ಲಿ ನಿಂತಿದ್ದಾಳೆ, ಉಸಿರಾಡುತ್ತಿದ್ದಾಳೆ. ನನಗೆ ಅಳು ಬಂತು, ಅತ್ತುಬಿಟ್ಟೆ, ಅದರಲ್ಲಿ ನಾಚಿಕೆಯೇನು?

ನೀರಿಗಿಳಿದು ಹತ್ತಿರ ಹೋದ ನನ್ನ ಕೈಗೆ ಅಕ್ಕ ಹಗ್ಗ ಕೊಟ್ಟು, ಬೇಗಂಳ ಕಾಲು ನೋಯುತ್ತದೆ, ದಂಡೆಗೆ ಒಯ್ಯಿ ಅಂದಳು. ತಾನು ಬರಲಿಲ್ಲ. ಒಬ್ಬಳೇ ನೀರಿನಲ್ಲಿ ನಿಂತು, ಹರಿವು ಹೋಗುವ ದಿಕ್ಕಿಗೆ ಮುಖ ಮಾಡಿ, ಏನೋ ಮಾತಾಡಿದಳು. "ಅತ್ತೀ" ಎಂಬುದಷ್ಟೇ ನಮಗೆ ಕೇಳಿಸಿತು. ಮಾವ ತಲೆಯ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡ.

ಆಚೆ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನೋಡುತ್ತಿದ್ದಳು. ಅಕ್ಕ ನೀರಿನಿಂದ ಮೇಲೆ ಬಂದು ಸೀರೆಯ ಅಂಚು ಹಿಂಡಿಕೊಂಡಳು. ಕಣ್ಣು ಒರೆಸಿಕೊಂಡಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಸದ್ಯ ನಿಮ್ಮ ಓಣಿಯಲ್ಲಿ ಯಾರ ದಿನ ತುಂಬಿವೆ ಎಂದು ಕೇಳಿದಳು.

"ನಮ್ಮ ಸೊಸಿದ ಎಂಟರಾಗ ಬಿದ್ದೈತ್ರಿ ಅಕ್ಕಾರ," ಹೆಂಗಸು ಅಂಜುತ್ತ ಹೇಳಿದಳು. "ನೀವಿಲ್ಲಂತ ಸೂಜಿ ಮಾಡಿಸಿಲ್ರಿ."

"ನಾ ಇಲ್ಲಂದ್ರ ಮಾಡಿಸಬಾರದಂತ ಯಾರ ಹೇಳ್ಯಾರ? ಏಳು, ಮನಿ ತೋರಸು ನಡಿ."

ಹಳೆ ದನಿ, ಹಳೆ ಜೋರು. ಒದ್ದೆ ಸೀರೆಯಲ್ಲೇ ಅಕ್ಕ ದಂಡೆ ಹತ್ತಿದಳು, ಆ ಹೆಂಗಸು ಅರ್ಧ ಒಗೆದ ಬಟ್ಟೆ ಹಿಡಿದು ಹಿಂದೆ ಓಡಿದಳು. ಬೇಗಂ ನನ್ನ ತೊಡೆಗೆ ಒರಗಿ ನಿಂತು ಅವರನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ, ಕಣ್ಣು ಆ ತಿರುವಿನ ಮೇಲಿತ್ತು. ಅಕ್ಕ ಅಲ್ಲಿ ನಿಲ್ಲಲಿಲ್ಲ. ಸೊಸೆಯ ಬಸುರಿನ ತಾಯಿಕಾರ್ಡು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಲೇ ದಾಟಿ ಹೋದಳು.